ರೇಶ್ಮಿ ಸೀರಿ ಉಟ್ಟು ಮುಸುರಿ ತಿಕ್ಕಿಧಂಗ

ನಮ್ಮ ಅಕ್ಕನ ಮಗಳು ಇಂಟರ್‌ವ್ಯೂ ಅದ ಅಂತ ದಿನಾ ಹತ್ತು ಭಾರೀ ಇಂಗ್ಲಿಷ್ ಶಬ್ದ ಬಾಯಿಪಾಠ ಮಾಡ್ಲಿಕತ್ತಾಳ. ಮೊನ್ನೆ ನಮ್ಮ ಮನ್ಯಾಗ ಹಾಲು ಉಕ್ಕಿತು. 'ಇದನ್ನ ಇಂಗ್ಲಿಷ್‌ನಾಗ ಹೇಳವಾ' ಅಂದೆ. 'ಯುಬಿಕ್ವಿಟಸ್' ಗೊತ್ತಿದ್ದಾಕಿಗೆ 'ಬಾಯ್ಲ್ಡ್ ಓವರ್' ಬರಲಿಲ್ಲ. ಮಾರಿ ಸಣ್ಣದು ಮಾಡಿಕೊಂಡು ಕೂತಳು.

ತಪ್ಪು ಆಕಿದಲ್ಲ ಬಿಡ್ರಿ. ದೊಡ್ಡ ಶಬ್ದ ಬಂದ್ರ ಭಾಳ ಶ್ಯಾಣ್ಯಾಕಿ ಅಂತ ಕುಣಿಸೋರು ನಾವ. ಮನಿಗೆ ಬಂದವರಿಗೆ 'ನೀರು ಕೊಡ್ಲ್ಯಾ?' ಅಂತೇವಿ. 'ಜಲ ಸಮರ್ಪಿಸಲೇ?' ಅಂದ್ರ ಹೊಟ್ಟಿ ಹಿಡ್ಕೊಂಡು ನಗೂದಿಲ್ಲೇನು? ಇಂಗ್ಲಿಷ್‌ನವರಿಗೂ ಹಂಗ. 'ಬಿಗಿನ್' ಸಾಕಿದ್ದಲ್ಲೆ 'ಕಮೆನ್ಸ್' ಯಾಕ? ಸಣ್ಣ ಶಬ್ದ ಸಾಕಾಗೋವಲ್ಲೆ ದೊಡ್ಡದನ್ನ ಬಳಸಬ್ಯಾಡ್ರಿ ಅಂತ ಜಾರ್ಜ್ ಆರ್ವೆಲ್ 1946ರಾಗನ ಬರದಾನ.

ದೊಡ್ಡ ಶಬ್ದ ಬ್ಯಾಡೇ ಬ್ಯಾಡ ಅನ್ನಂಗಿಲ್ಲ ನಾನು. ಕಥಿ ಓದೋವಾಗ, ಪೇಪರ್ ಓದೋವಾಗ ಸಿಕ್ರ ಇಡೀ ವಾಕ್ಯ ಬರಕೊಳ್ಳಲಿ. ಬರೇ ಪಟ್ಟಿ ಗಟ್ಟಿ ಮಾಡಿದ್ರ ಎಲ್ಲೆ ಹಚ್ಚಬೇಕು ತಿಳಿಯಂಗಿಲ್ಲ. ಮೊದಲ 'ಪುಟ್' ಒಂದನ್ನ ಪಳಗಿಸಲಿ: ಪುಟ್ ಆನ್ ಅಂದ್ರ ಹಾಕ್ಕೊಳ್ಳೋದು, ಪುಟ್ ಆಫ್ ಅಂದ್ರ ಮುಂದೂಡೋದು, ಪುಟ್ ಅಪ್ ವಿತ್ ಅಂದ್ರ ತಡಕೊಳ್ಳೋದು. ಕಡೀದು ನಮಗ್ಯಾರೂ ಕಲಸಬೇಕಾಗಿಲ್ಲ!

ರೇಶ್ಮಿ ಸೀರಿ ಟ್ರಂಕಿನ್ಯಾಗ ಇರ್ಲಿ, ಹಬ್ಬಕ್ಕ ಬೇಕು. ದಿನಾ ಉಡೋದು ನೂಲಿನ ಸೀರಿನ. ಈಗ ಆಕಿ ಸಂಜೀಕೆ ನಮ್ಮ ಮನಿಗೆ ಬಂದು, ನಾ ಮಾಡೋ ಅಡಿಗೀನ ಸಣ್ಣ ಸಣ್ಣ ಇಂಗ್ಲಿಷ್ ಮಾತಿನ್ಯಾಗ ಹೇಳ್ತಾಳ. ತಪ್ಪತದ, ನಗ್ತೇವಿ. ಆದ್ರ ಬಾಯಿ ಬಿಡ್ಲಿಕ್ಕೆ ಅಂಜಂಗಿಲ್ಲ.