ತಾರೀಖನ್ನು ಮುಂದೆ ಸರಿಸಿ: ಅಮೆರಿಕ ಸೆನೆಟ್ ನ್ಯಾಯಾಂಗ ಸಮಿತಿಯ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದು, ಕಾಗದಪತ್ರವಿಲ್ಲದೆ ಅಲ್ಲೇ ಬೆಳೆದ ಯುವಜನರ ಪ್ರಶ್ನೆ ನಿಮ್ಮ ಸಮಿತಿಗೆ ಹೊಸದಲ್ಲ. 2001ರಲ್ಲಿ ರಿಪಬ್ಲಿಕನ್ ಆರಿನ್ ಹ್ಯಾಚ್ ಮತ್ತು ಡೆಮಾಕ್ರಟ್ ಡಿಕ್ ಡರ್ಬಿನ್ ಇಬ್ಬರೂ ಬೆಂಬಲಿಸಿದ, ಅಂಥ ಯುವಜನರಿಗೆ ಕಾಯಂ ನೆಲೆಯ ದಾರಿ ತೆರೆಯುವ ಡ್ರೀಮ್ ಆಕ್ಟ್ ಮಸೂದೆ 2010ರಲ್ಲಿ ಕೆಳಮನೆಯನ್ನು ದಾಟಿತು. ಸೆನೆಟ್‌ನಲ್ಲಿ 55 ಮತ ಬಂದರೂ ಬೇಕಿದ್ದ 60 ಸಿಗದೆ ಬಿದ್ದುಹೋಯಿತು. ಅಂಥ ಇನ್ನೊಂದು ದೊಡ್ಡ ಮಸೂದೆಗಾಗಿ ಈ ಪತ್ರವಲ್ಲ. ನಿಮ್ಮ ವಲಸೆ ಕಾನೂನಿನಲ್ಲಿ ಈಗಾಗಲೇ ಇರುವ ಒಂದು ತಾರೀಖನ್ನು ಬದಲಿಸಿ ಎಂಬುದಷ್ಟೇ ಕೋರಿಕೆ.

ಈ ಯುವಜನರ ಮುಂದೆ ದಾರಿಗಳು ಹಲವು ಇದ್ದಂತೆ ಕಾಣುತ್ತವೆ, ಆದರೆ ಒಂದೊಂದೂ ನಡುವೆಯೇ ನಿಂತುಬಿಡುತ್ತದೆ. 2012ರ ಡಾಕಾ ಯೋಜನೆ ಎರಡೆರಡು ವರ್ಷಕ್ಕೆ ಗಡೀಪಾರಿನಿಂದ ರಕ್ಷಣೆ ಮತ್ತು ಕೆಲಸದ ಪರವಾನಗಿ ಕೊಟ್ಟಿತೇ ಹೊರತು ಕಾಯಂ ನೆಲೆಯನ್ನಲ್ಲ. 2007ರ ಜೂನ್ 15ರ ನಂತರ ಬಂದವರಿಗೆ ಅದು ಅನ್ವಯಿಸುವುದೇ ಇಲ್ಲ. 2021ರ ಟೆಕ್ಸಾಸ್ ನ್ಯಾಯಾಲಯದ ತೀರ್ಪಿನ ಬಳಿಕ ಹೊಸ ಅರ್ಜಿಗಳ ಮಂಜೂರಾತಿಯೂ ನಿಂತಿತು. ಅಮೆರಿಕದ ಪ್ರಜೆಯನ್ನು ಮದುವೆಯಾದರೂ, ಗಡಿಯಲ್ಲಿ ತಪಾಸಣೆಗೆ ಒಳಗಾಗದೆ ಬಂದವರು ಗ್ರೀನ್ ಕಾರ್ಡಿಗಾಗಿ ಸಾಮಾನ್ಯವಾಗಿ ದೇಶದ ಹೊರಗೆ ಹೋಗಬೇಕು. ಹದಿನೆಂಟು ತುಂಬಿದ ಮೇಲೆ ಒಂದು ವರ್ಷ ಅಕ್ರಮವಾಗಿ ಉಳಿದವರು ಹಾಗೆ ಹೊರಟರೆ, 1996ರ ಕಾನೂನು ಹತ್ತು ವರ್ಷ ಮರಳಿ ಬರಗೊಡುವುದಿಲ್ಲ. ವಿನಾಯಿತಿ ಬೇಕಿದ್ದರೆ ಸಂಗಾತಿಗೋ ಹೆತ್ತವರಿಗೋ ವಿಪರೀತ ಕಷ್ಟವಾಗುತ್ತದೆಂದು ರುಜುವಾತುಪಡಿಸಬೇಕು. ಆಶ್ರಯ ಕೋರುವವರಿಗೆ ಬಂದ ವರ್ಷದೊಳಗೆ ಅರ್ಜಿ ಹಾಕುವ ನಿಯಮ. ಅಪರಾಧಕ್ಕೆ ಬಲಿಯಾದವರಿಗಿರುವ ಯು ವೀಸಾ ವರ್ಷಕ್ಕೆ 10,000 ಮಾತ್ರ. ಸುಪ್ರೀಂ ಕೋರ್ಟಿನ 1982ರ ಪ್ಲೈಲರ್ ತೀರ್ಪಿನ ಬಲದಿಂದ ಸರ್ಕಾರಿ ಶಾಲೆಯಲ್ಲಿ ಓದಿದ ಮಗು, ಓದು ಮುಗಿಯುತ್ತಲೇ ದುಡಿಯುವ ಹಕ್ಕಿಲ್ಲದ ವಯಸ್ಕನಾಗುತ್ತದೆ. ತೆರಿಗೆಯ ಹಣದಲ್ಲಿ ಕಲಿಸಿ, ಕಲಿತದ್ದನ್ನು ಬಳಸಬೇಡ ಎನ್ನುವುದು ನೀತಿಯೂ ಅಲ್ಲ, ಲಾಭವೂ ಅಲ್ಲ.

ಇದಕ್ಕೆ ಮದ್ದು ನಿಮ್ಮ ಕಾನೂನಿನಲ್ಲೇ ಇದೆ. 1929ರಲ್ಲಿ ಬಂದ ‘ರಿಜಿಸ್ಟ್ರಿ’ ವಿಧಿಯ ಪ್ರಕಾರ, ನಿಗದಿತ ತಾರೀಖಿಗೆ ಮೊದಲಿನಿಂದ ದೇಶದಲ್ಲೇ ನೆಲೆಸಿರುವ ಸನ್ನಡತೆಯ ವ್ಯಕ್ತಿ, ಬಂದ ಬಗೆ ಹೇಗೇ ಇರಲಿ, ಕಾಯಂ ನಿವಾಸಕ್ಕೆ ಅರ್ಜಿ ಹಾಕಬಹುದು. ಸಂಸತ್ತು ಆ ತಾರೀಖನ್ನು 1958ರಲ್ಲಿ, 1965ರಲ್ಲಿ, 1986ರಲ್ಲಿ ಮುಂದಕ್ಕೆ ಸರಿಸಿತು. ಕಡೆಯದಕ್ಕೆ ಸಹಿ ಹಾಕಿದವರು ಅಂದಿನ ರಾಷ್ಟ್ರಾಧ್ಯಕ್ಷ ರೇಗನ್. ಅಂದು ಗೊತ್ತುಮಾಡಿದ 1972ರ ಜನವರಿ 1 ಇವತ್ತಿಗೂ ಹಾಗೇ ಉಳಿದಿದೆ. ಐವತ್ತು ದಾಟದವರು ಯಾರೂ ಈ ವಿಧಿಯ ಪ್ರಯೋಜನ ಪಡೆಯಲಾರರು.

ಆ ತಾರೀಖನ್ನು ಸರಿಸುವುದು ಕಾನೂನು ಮುರಿದವರಿಗೆ ಬಹುಮಾನ ಎಂಬ ಆಕ್ಷೇಪವುಂಟು. ನಾಲ್ಕು ವರ್ಷದ ಕೂಸು ಗಡಿ ದಾಟುವ ತೀರ್ಮಾನ ಮಾಡುವುದಿಲ್ಲ. ಸನ್ನಡತೆಯ ಷರತ್ತಿರುವುದರಿಂದ ಅಪರಾಧ ಎಸಗಿದವರಿಗೆ ಈ ಬಾಗಿಲು ಸುಲಭವಾಗಿ ತೆರೆಯುವುದೂ ಇಲ್ಲ. ಇದನ್ನು ನಂಬಿ ಇನ್ನಷ್ಟು ಜನ ನುಗ್ಗುತ್ತಾರೆ ಎನ್ನುವವರು ತಾರೀಖು ಹಿಂದಿನದೆಂಬುದನ್ನು ಮರೆಯುತ್ತಾರೆ: ನಾಳೆ ಬರುವವರಿಗೆ ಅದರಿಂದ ಏನೂ ದಕ್ಕದು. ಹಾಗೆಂದು ಮುಂದೊಂದು ದಿನ ಅದು ಮತ್ತೆ ಸರಿಯಬಹುದೆಂಬ ಆಸೆ ಹುಟ್ಟುವುದಿಲ್ಲವೇ? ಹುಟ್ಟಬಹುದು; ಆದರೆ ದಶಕಗಳ ಅನಿಶ್ಚಿತ ಬದುಕನ್ನು ಅಂಥ ಆಸೆಗಾಗಿ ಆರಿಸಿಕೊಳ್ಳುವವರು ವಿರಳ. ಮೂರನೆಯದು ನಿಜಕ್ಕೂ ತೂಕದ ಆಕ್ಷೇಪ: ನಿಯಮದಂತೆ ಸರದಿಯಲ್ಲಿ ನಿಂತವರಿಗೆ ಅನ್ಯಾಯವಲ್ಲವೇ? ಅಲ್ಲ, ಏಕೆಂದರೆ ರಿಜಿಸ್ಟ್ರಿಯ ಗ್ರೀನ್ ಕಾರ್ಡುಗಳು ವಾರ್ಷಿಕ ಮಿತಿಯ ಲೆಕ್ಕಕ್ಕೆ ಸೇರುವುದಿಲ್ಲ. ಯಾರ ಸರದಿಯೂ ಹಿಂದೆ ಬೀಳುವುದಿಲ್ಲ.

ಸರದಿಯಲ್ಲಿ ನಿಂತವರ ಮನೆಗೂ ಇದರಿಂದ ಉಪಕಾರವಿದೆ ಎಂಬುದು ಕನ್ನಡಿಗರಿಗೆ ಚೆನ್ನಾಗಿ ಅರ್ಥವಾದೀತು. ಬೆಂಗಳೂರು, ಮೈಸೂರುಗಳಿಂದ ಎಚ್-1ಬಿ ವೀಸಾದ ಮೇಲೆ ಹೋದವರ ಗ್ರೀನ್ ಕಾರ್ಡ್, ಒಂದು ದೇಶಕ್ಕೆ ಶೇ. 7 ಎಂಬ ಮಿತಿಯಿಂದಾಗಿ ವರ್ಷಗಟ್ಟಲೆ ಬಾಕಿ. ಅಷ್ಟರಲ್ಲಿ ಮಗಳಿಗೆ 21 ತುಂಬಿದರೆ ಆಕೆಯ ಅವಲಂಬಿತರ ಎಚ್-4 ವೀಸಾ ಹೋಗುತ್ತದೆ. ಬೇರೆ ವೀಸಾ ಸಿಗದಿದ್ದರೆ ತಾನು ಬೆಳೆದ ದೇಶ ಬಿಡಬೇಕು, ಇಲ್ಲವೇ ಅಕ್ರಮ ನಿವಾಸಿಯಾಗಬೇಕು. ಡಾಕಾ ಆಕೆಗೆ ಸಲ್ಲದು, ಏಕೆಂದರೆ 2012ರ ಜೂನ್ 15ರಂದು ಕಾನೂನುಬದ್ಧ ನೆಲೆ ಇದ್ದವರನ್ನು ಅದು ಹೊರಗಿಟ್ಟಿದೆ. ರಿಜಿಸ್ಟ್ರಿಗೆ ಆ ಭೇದವಿಲ್ಲ.

1986ರಲ್ಲಿ ನಿಮ್ಮ ಸಂಸತ್ತಿಗೆ ಹದಿನಾಲ್ಕು ವರ್ಷದ ವಾಸ ಸಾಕೆನಿಸಿತ್ತು. ಅದೇ ಅಳತೆಯನ್ನು ಇವತ್ತಿಗೂ ಅನ್ವಯಿಸಿ, ಹೊಸ ತಾರೀಖಿನ ಮಸೂದೆಯನ್ನು ಸಮಿತಿಯ ಮುಂದೆ ತನ್ನಿ, ಮತಕ್ಕೆ ಹಾಕಿ.

ಇತಿ,
ಒಬ್ಬ ಕನ್ನಡ ಲೇಖಕ