ಎಷ್ಟು ಮಳೆ ಬಂದರೆ ಊರು ಬಿಡಬೇಕು?

ಮಳೆಗಾಲ ಬಂತೆಂದರೆ ಟೀವಿಯಲ್ಲಿ ಬಣ್ಣಗಳ ಸುಗ್ಗಿ. ಯೆಲ್ಲೋ ಅಲರ್ಟ್, ಆರೆಂಜ್ ಅಲರ್ಟ್, ರೆಡ್ ಅಲರ್ಟ್... ಇಡೀ ಜಿಲ್ಲೆಗೆ ಒಂದೇ ಬಣ್ಣ. ಆದರೆ ಗುಡ್ಡ ಕುಸಿಯೋದು ಇಡೀ ಜಿಲ್ಲೆಯಲ್ಲಲ್ಲ, ಯಾವುದೋ ಒಂದು ಊರಿನ ಒಂದು ಬದಿಯಲ್ಲಿ.

2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜಾರಿದ ಮೇಲೆ ಭೂಕುಸಿತದ ನಕ್ಷೆಗಳ ಮಾತು ನಮ್ಮಲ್ಲೂ ಜೋರಾಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2014ರಿಂದಲೇ ಈ ಕೆಲಸ ಶುರುಮಾಡಿತ್ತು. ಇಳಿಜಾರು, ಮಣ್ಣು, ಬಂಡೆ, ನೆಲದ ಬಳಕೆ, ಹಿಂದೆ ಕುಸಿದ ಜಾಗಗಳು ಎಲ್ಲವನ್ನೂ ಕೂಡಿಸಿ ಎಲ್ಲಿ ಅಪಾಯ ಹೆಚ್ಚು, ಎಲ್ಲಿ ಕಡಿಮೆ ಅಂತ ಗುರುತಿಸೋದು. ಒಳ್ಳೆಯ ಕೆಲಸವೇ. ಆದರೆ ಅದರ ಅಳತೆ 1:50,000. ಅಂದರೆ ನಕ್ಷೆಯ ಒಂದು ಸೆಂಟಿಮೀಟರು ನೆಲದ ಮೇಲೆ ಅರ್ಧ ಕಿಲೋಮೀಟರು! ಪಂಚಾಯ್ತಿ ಅಧ್ಯಕ್ಷರು ಅದನ್ನು ಮುಂದಿಟ್ಟುಕೊಂಡು ಯಾರ ಮನೆ ಖಾಲಿ ಮಾಡಿಸಬೇಕು? ಮೇಲಾಗಿ ಅದು 'ಎಲ್ಲಿ' ಅನ್ನುತ್ತೆ, 'ಯಾವಾಗ' ಅನ್ನಲ್ಲ.

'ಯಾವಾಗ' ಅನ್ನೋದಕ್ಕೆ ಮಳೆಯ ಲೆಕ್ಕ ಬೇಕು. ಅದೂ ನಮ್ಮಲ್ಲಿದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ. ಹಾಗಾದರೆ ಕೊರತೆ ಏನು?

ಪಕ್ಕದ ವಯನಾಡನ್ನು ನೋಡಿ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿಹೋಗಿ 200ಕ್ಕೂ ಹೆಚ್ಚು ಜನ ಸತ್ತರು. ಊರೂರಿನ ಮಳೆ ಅಳೆಯುವ ಕಲ್ಪೆಟ್ಟದ ಹ್ಯೂಮ್ ಸೆಂಟರ್, ಹಿಂದಿನ ದಿನವೇ ಜಿಲ್ಲಾಡಳಿತಕ್ಕೆ ಎಚ್ಚರಿಕೆ ಕೊಟ್ಟಿದ್ದೆವು ಅಂತ ಹೇಳಿದೆ. ಲೆಕ್ಕ ಇತ್ತು. ಆ ಲೆಕ್ಕಕ್ಕೆ ಊರು ತಾನಾಗಿ ಎದ್ದು ಹೊರಡುವ ಏರ್ಪಾಡು ಇರಲಿಲ್ಲ.

ಅದಕ್ಕೇ ನನ್ನ ವಾದ ಇಷ್ಟೆ. ಮಾಡೆಲ್ ಎಷ್ಟೇ ಚೆನ್ನಾಗಿರಲಿ, ಅದು ಮೇ ತಿಂಗಳ ಗ್ರಾಮಸಭೆಯಲ್ಲಿ ಒಂದು ಪುಟದ ತೀರ್ಮಾನವಾಗಬೇಕು. ಎರಡು ದಿನದಲ್ಲಿ ಇಷ್ಟು ಮಿಲಿಮೀಟರ್ ದಾಟಿದರೆ ಈ ಓಣಿಯವರು ಆ ಶಾಲೆಗೆ. ಶಾಲೆಯ ಬೀಗದ ಕೈ ಯಾರ ಹತ್ತಿರ? ಮುದುಕರನ್ನು ಕರೆದೊಯ್ಯೋಕೆ ಯಾರ ಜೀಪು? 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಅಧಿಕಾರವೆಲ್ಲ ಹೆಚ್ಚುಕಡಿಮೆ ಜಿಲ್ಲಾಧಿಕಾರಿಗಳ ಪ್ರಾಧಿಕಾರದಲ್ಲಿದೆ. ನಡುರಾತ್ರಿ ಕರೆಂಟು ಹೋಗಿ, ಫೋನು ಸತ್ತು, ರಸ್ತೆ ಕಡಿದಾಗ ಊರವರು ಯಾರ ಆದೇಶಕ್ಕೆ ಕಾಯಬೇಕು?

"ಹತ್ತು ಸಲ ಎಬ್ಬಿಸಿ ಒಂಬತ್ತು ಸಲ ಏನೂ ಆಗದಿದ್ದರೆ ಹನ್ನೊಂದನೇ ಸಲ ಯಾರು ಏಳ್ತಾರೆ?" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಾಡೆಲ್ ಹೇಳೋದು ಸಾಧ್ಯತೆಯನ್ನು, ಭವಿಷ್ಯವನ್ನಲ್ಲ. ತೋಟದ ಕೂಲಿಯವರಿಗೆ ಒಂದು ದಿನ ಹೋದರೆ ಒಂದು ದಿನದ ಊಟ ಹೋದಂತೆ. ಆ ಕೂಲಿಯನ್ನು ಸರ್ಕಾರ ಕೊಡಲಿ. ಎಬ್ಬಿಸಿದ ಅಧಿಕಾರಿಗೆ ನೋಟೀಸು ಕೊಡದಿರಲಿ. ಸತ್ತ ಮೇಲೆ ಕೊಡುವ ಲಕ್ಷಗಳಿಗಿಂತ ಇದು ಅಗ್ಗ.

ನಿಮ್ಮೂರಿನ ಪಂಚಾಯ್ತಿಯಲ್ಲಿ ಇಂಥದೊಂದು ಪುಟ ಇದೆಯಾ? ಇದ್ದರೆ ದಯವಿಟ್ಟು ಬರೆಯಿರಿ, ಉಳಿದವರೂ ನೋಡಿ ಕಲಿಯಲಿ.