ನಮ್ಮ ಮೈ, ನಮ್ಮ ಒಂದು ತಾಸು



ತಿಕೋಟಾದ ಒಂದು ಸಂಘದ ಸಭೆ. ಉಳಿತಾಯದ ಲೆಕ್ಕ ಮುಗಿದಿತ್ತು, ಸಾಲದ ಕಂತಿನ ಮಾತೂ ಮುಗಿದಿತ್ತು. ಎಲ್ಲರೂ ಏಳುವ ಹೊತ್ತಿಗೆ ನಲವತ್ತಾರು ವರ್ಷದ ಅಕ್ಕ ಒಬ್ಬರು ಗೋಡೆಗೆ ಕೈಕೊಟ್ಟು, "ಯವ್ವಾ" ಎಂದು ಮೊಣಕಾಲು ಹಿಡಿದುಕೊಂಡು ಎದ್ದರು. ಉಳಿದವರು ನಕ್ಕರು. ಅವರೂ ನಕ್ಕರು. ಹೊರಗೆ ಬಂದ ಮೇಲೆ ನನ್ನ ಹತ್ತಿರ ಮೆಲ್ಲಗೆ ಹೇಳಿದರು: "ಮನ್ಯಾಗ ದಿನಾ ಎಮ್ಮಿ ಅಂತಾರ್ರೀ ಅಕ್ಕಾರ. ಮಂದಿ ಮುಂದನೂ ಅಂತಾರ. ಡಾಕ್ಟರು ದಿನಾ ನಡೀರಿ ಅಂದ್ರು. ಮುಂಜಾನೆ ಹೊಂಟ್ರ, ಈ ವಯಸ್ಸಿನ್ಯಾಗ ಯಾರಿಗೆ ತೋರಸಾಕ ಹೊಂಟಿ ಅಂತಾರ."

ಈ ಎರಡು ಮಾತುಗಳನ್ನು ಜೋಡಿಸಿ ನೋಡಿ. ಎಮ್ಮೆ ಎಂದು ಹಂಗಿಸುವ ಬಾಯಿಯೇ ಬಾಗಿಲನ್ನೂ ಹಾಕುತ್ತದೆ. ಹಾಗಾದರೆ ಆ ಮಾತು ಹೆಂಡತಿಯ ಆರೋಗ್ಯದ ಕಾಳಜಿಯಿಂದ ಬಂದದ್ದಲ್ಲ. ಅವಳು ತಲೆ ತಗ್ಗಿಸಿಕೊಂಡೇ ಇರಲಿ ಎಂದು ಬಂದದ್ದು.

ನಲವತ್ತು ದಾಟಿದ ಮೇಲೆ ನಮ್ಮ ಮೈ ಯಾಕೆ ದಪ್ಪವಾಗುತ್ತದೆ? ತಿಂದು ಕುಳಿತದ್ದರಿಂದ ಎಂದು ಹೇಳುವುದು ಸುಲಭ. ನಮ್ಮ ತಾಯಂದಿರು ಜೋಳ ಬೀಸಿದರು, ಕುಟ್ಟಿದರು, ಮೈಲುಗಟ್ಟಲೆ ನೀರು ಹೊತ್ತರು. ಅವರಿಗೆ ತೂಕದ ಚಿಂತೆ ಇರಲಿಲ್ಲ, ವಿಶ್ರಾಂತಿಯೂ ಇರಲಿಲ್ಲ. ಆ ಕಾಲ ಮರಳಿ ಬರಲಿ ಎಂದು ಯಾವ ಹೆಂಗಸೂ ಬಯಸಬೇಕಾಗಿಲ್ಲ. ಇಂದು ಹಿಟ್ಟಿಗೆ ಗಿರಣಿ ಇದೆ, ಮಸಾಲೆಗೆ ಮಿಕ್ಸರ್ ಇದೆ. ಆದರೆ ನಮ್ಮಲ್ಲಿ ಎಷ್ಟೋ ಜನ ಹೊಲಿಗೆ ಯಂತ್ರದ ಮುಂದೆ, ರೊಟ್ಟಿಯ ಒಲೆಯ ಮುಂದೆ, ಒಣದ್ರಾಕ್ಷಿ ಆರಿಸುವ ಶೆಡ್ಡಿನಲ್ಲಿ ದಿನವಿಡೀ ಕುಳಿತೇ ದುಡಿಯುತ್ತೇವೆ. ದುಡಿತ ಕಡಿಮೆಯಾಗಿಲ್ಲ, ಕುಳಿತ ದುಡಿತ ಹೆಚ್ಚಾಗಿದೆ. ಮನೆಯಲ್ಲಿ ಕೊನೆಗೆ ಉಣ್ಣುವವರು ನಾವೇ. ಉಳಿದ ಅನ್ನ ಚೆಲ್ಲಬಾರದೆಂದು ಅದನ್ನೂ ಉಣ್ಣುತ್ತೇವೆ. ಹಸಿವು ಮುಂದೂಡಲು ಸಕ್ಕರೆ ಹಾಕಿದ ಚಹಾ ಕುಡಿಯುತ್ತೇವೆ. ಎಲ್ಲರಿಗಿಂತ ತಡವಾಗಿ ಮಲಗಿ ಎಲ್ಲರಿಗಿಂತ ಮೊದಲು ಏಳುತ್ತೇವೆ. ಇದರ ಮೇಲೆ ಮುಟ್ಟು ನಿಲ್ಲುವ ವಯಸ್ಸು. ಆಗ ಮಾಂಸಖಂಡ ಕರಗುತ್ತಾ ಹೋಗುತ್ತದೆ, ಕೊಬ್ಬು ಹೊಟ್ಟೆಯ ಸುತ್ತ ಸೇರುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಮ್ಮ ರಾಜ್ಯದ ಬಗ್ಗೆ ಏನು ಹೇಳುತ್ತದೆ ಕೇಳಿ. 15ರಿಂದ 49 ವರ್ಷದ ನೂರು ಹೆಂಗಸರಲ್ಲಿ ಸುಮಾರು 30 ಜನರ ತೂಕ ಹೆಚ್ಚು. ಅದೇ ನೂರರಲ್ಲಿ ಸುಮಾರು 48 ಜನರಿಗೆ ರಕ್ತಹೀನತೆ. ಮದುವೆಯಾದ ನೂರು ಹೆಂಗಸರಲ್ಲಿ ಸುಮಾರು 44 ಜನ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಬರೀ ಬೈಗುಳ, ಹಂಗಿಸುವ ಮಾತು ಈ ಲೆಕ್ಕದಲ್ಲಿ ಸೇರಿಲ್ಲ. ದಪ್ಪ ಮೈ, ರಕ್ತವಿಲ್ಲದ ಮೈ, ಏಟು ತಿಂದ ಮೈ ಎಂದು ಸಮೀಕ್ಷೆಯಲ್ಲಿ ಮೂರು ಸಾಲುಗಳಿವೆ. ಎಷ್ಟೋ ಮನೆಗಳಲ್ಲಿ ಅವು ಮೂರೂ ಒಬ್ಬಳದೇ ಮೈ.

ವರದಕ್ಷಿಣೆಯ ದಿನದಿಂದಲೇ ಈ ತೂಕದ ಮಾತು ಶುರುವಾಗುತ್ತದೆ. ಕನ್ಯೆ ನೋಡಲು ಬಂದವರು ಹುಡುಗಿಯ ಬಣ್ಣ ನೋಡುತ್ತಾರೆ, ಮೈ ನೋಡುತ್ತಾರೆ, ಸ್ವಲ್ಪ ದಪ್ಪ ಎಂದು ಬಂಗಾರದ ತೊಲೆ ಏರಿಸುತ್ತಾರೆ. ಇಪ್ಪತ್ತು ವರ್ಷದ ಮೇಲೆ, ಹಡೆದು, ಸಾಕಿ, ಸವೆದ ಮೇಲೆ ಅದೇ ತಕ್ಕಡಿ ಮತ್ತೆ ಹೊರಗೆ ಬರುತ್ತದೆ. "ನಿನ್ನ ಮಾರಿ ನೋಡಿ ಯಾರು ಇರ್ತಾರ, ಇನ್ನೊಂದು ಮದುವಿ ಆಗತೀನಿ" ಎಂಬ ಬೆದರಿಕೆಯನ್ನು ನಮ್ಮಲ್ಲಿ ಎಷ್ಟು ಜನ ಕೇಳಿಲ್ಲ? ಇದು ಗಂಡ ಹೆಂಡಿರ ಚೇಷ್ಟೆಯಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ ಅವಮಾನ, ಅಪಹಾಸ್ಯ, ಹೆಸರಿಟ್ಟು ಹಂಗಿಸುವುದನ್ನೂ ಹಿಂಸೆ ಎಂದೇ ಕರೆದಿದೆ. ಕೈ ಎತ್ತಿದರೆ ಮಾತ್ರ ಹಿಂಸೆ ಎಂದು ತಿಳಿದವರು ಇದನ್ನು ನೆನಪಿಡಬೇಕು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಈ ಕಾಯ್ದೆಯ ಸಂರಕ್ಷಣಾಧಿಕಾರಿಗಳು. 181ಕ್ಕೆ ಫೋನ್ ಮಾಡಿದರೂ ಸಹಾಯ ಸಿಗುತ್ತದೆ.

ಹಾಗಾದರೆ ತೂಕದ ಗೊಡವೆಯೇ ಬೇಡವೇ? ಬೇಕು. ಗಂಡನ ಕಣ್ಣಿಗೆ ಚೆಂದ ಕಾಣಲಿಕ್ಕಲ್ಲ, ನಮ್ಮ ಕಾಲ ಮೇಲೆ ನಾವು ನಿಲ್ಲಲಿಕ್ಕೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು ಬಂದು ಹಾಸಿಗೆ ಹಿಡಿದರೆ ದುಡಿಮೆ ಹೋಗುತ್ತದೆ. ದುಡಿಮೆ ಹೋದರೆ ಹಿಂಸೆಯ ಮನೆಯಿಂದ ಹೊರಗೆ ಬರುವ ದಾರಿಯೂ ಮುಚ್ಚುತ್ತದೆ. ಗಟ್ಟಿ ಮೈ ಹೆಣ್ಣಿಗೆ ಆಸ್ತಿ. ಆ ಆಸ್ತಿಯನ್ನು ಯಾವ ಅತ್ತೆಮನೆಯೂ ಬರೆಸಿಕೊಳ್ಳಲಾರದು.

ಅದಕ್ಕೆ ಪುಡಿ ಬೇಡ, ಗುಳಿಗೆ ಬೇಡ. ಸೋಮವಾರ, ಗುರುವಾರ ಉಪವಾಸ ಮಾಡಿ ಮೈ ಇಳಿಸುತ್ತೇನೆ ಎನ್ನುವುದೂ ಬೇಡ. ರಕ್ತವಿಲ್ಲದ ಮೈಯನ್ನು ಹಸಿವಿಗೆ ಹಾಕಿದರೆ ತಲೆ ತಿರುಗುವುದೇ ಲಾಭ. ಎಲ್ಲರ ಜೊತೆ ಕುಳಿತು ಬಿಸಿ ರೊಟ್ಟಿ, ಪುಂಡಿಪಲ್ಲೆ, ಮಡಕಿ ಕಾಳು, ಮಜ್ಜಿಗೆ ಉಣ್ಣಿ. ಎಣ್ಣೆ, ಚಹಾದ ಸಕ್ಕರೆ, ಸಂಜೆಯ ಮಿರ್ಚಿ ಭಜಿ ಕಡಿಮೆ ಮಾಡಿ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಂದರೆ ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ತಾಸು. ವಾರಕ್ಕೆ ಎರಡು ದಿನ ಮೈಗೆ ಬಲ ಬರುವ ಕೆಲಸವೂ ಬೇಕು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂತರೂ ಶುರುವಾದಂತೆ. 70 ಕಿಲೋ ಇರುವವರು ಮೂರೂವರೆ ಕಿಲೋ ಇಳಿದರೂ ಸಕ್ಕರೆ, ಬಿಪಿಗೆ ಅನುಕೂಲವಾಗುತ್ತದೆ. ಹುಡುಗಿಯ ಸೊಂಟ ಮರಳಿ ಬರಬೇಕಾಗಿಲ್ಲ. ಶುರು ಮಾಡುವ ಮೊದಲು ಬಿಪಿ, ಸಕ್ಕರೆ, ರಕ್ತ ತೋರಿಸಿಕೊಳ್ಳಿ. ಮೂವತ್ತು ದಾಟಿದವರ ಬಿಪಿ, ಸಕ್ಕರೆಯನ್ನು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಹಣವಿಲ್ಲದೆ ನೋಡುತ್ತಾರೆ. ದೊಡ್ಡ ಆಸ್ಪತ್ರೆಗೆ ವಿಜಯಪುರಕ್ಕೆ ಹೋಗಬೇಕಾದರೆ, 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಹಣವಿಲ್ಲ.

ಆದರೆ ಒಬ್ಬಳೇ ಹೊರಟರೆ ಬಾಗಿಲು ಹಾಕುವವರು ಇದ್ದಾರೆ. ವಿಜಯಪುರದಲ್ಲಿ ಬೆಳಗ್ಗೆ ಗೋಳಗುಮ್ಮಟದ ಕಡೆ ಹೋದರೆ ನಡೆಯುವ ಹೆಂಗಸರು ಕಾಣುತ್ತಾರೆ. 2023ರ ಡಿಸೆಂಬರಿನಲ್ಲಿ ನಗರದಲ್ಲಿ ವೃಕ್ಷೊಥಾನ್ ಓಟವೂ ನಡೆಯಿತು. ತಿಕೋಟಾ, ಬಬಲೇಶ್ವರದ ಹಳ್ಳಿಗಳಲ್ಲಿ ಕೆಲಸವಿಲ್ಲದೆ ದಾರಿಗೆ ಬಂದ ಹೆಂಗಸನ್ನು ಇನ್ನೂ ಕಣ್ಣರಳಿಸಿ ನೋಡುತ್ತಾರೆ. ಕೊಡ ಹೊತ್ತು ನಡೆದರೆ ಯಾರೂ ಕೇಳುವುದಿಲ್ಲ, ಬರಿಗೈಲಿ ನಡೆದರೆ ಎಲ್ಲರೂ ಕೇಳುತ್ತಾರೆ! ಇದಕ್ಕೆ ಸಂಘವೇ ಉತ್ತರ. ಹತ್ತು ಜನ ಕೂಡಿ ಹೊರಟರೆ "ಯಾರ ಜೋಡಿ ಹೊಂಟಿ" ಎಂದು ಕೇಳುವ ಬಾಯಿ ಮುಚ್ಚುತ್ತದೆ. ಬಿಸಿಲು ಏರುವ ಮೊದಲಿನ ಒಂದು ತಾಸು ನಮ್ಮದು ಎಂದು ಸಭೆಯಲ್ಲಿ ಠರಾವು ಮಾಡಿ, ಪುಸ್ತಕದಲ್ಲಿ ಬರೆಯಿರಿ. ದಾರಿಯಲ್ಲಿ ದೀಪ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಕೇಳಿ. ಆ ತಾಸಿನಲ್ಲಿ ಚಹಾ ಯಾರು ಮಾಡಬೇಕು ಎಂದು ಮನೆಯಲ್ಲೂ ಕೇಳಿ. ಯಾವಳಾದರೂ ಎರಡು ದಿನ ಬಾರದಿದ್ದರೆ ಅವಳ ಮನೆಗೆ ಹೋಗಿ. ಮೈಮೇಲೆ ಬಾಸುಂಡೆ ಕಂಡರೆ ಸುಮ್ಮನೆ ಮರಳಬೇಡಿ.

ಆ ತಿಕೋಟಾದ ಅಕ್ಕನಿಗೆ ನಾನು ಅಂದು ಹೇಳಿದ್ದು ಒಂದೇ ಮಾತು. ಮುಂದಿನ ಸಭೆಯಲ್ಲಿ ಇದನ್ನು ನನ್ನ ಕಿವಿಯಲ್ಲಲ್ಲ, ಎಲ್ಲರ ಮುಂದೆ ಹೇಳಿ. ಅವರು ಹೇಳಿದರು. ಈ ಸಲ ಯಾರೂ ನಗಲಿಲ್ಲ. "ನಮ್ಮ ಮನ್ಯಾಗೂ ಹಿಂಗ ಐತಿ" ಎಂದು ಮತ್ತೆ ನಾಲ್ಕು ಜನ ಬಾಯಿ ಬಿಟ್ಟರು. ಮರುದಿನ ಐದು ಜನ ನಡೆಯಲು ಹೊರಟರು. ಅವರ ತೂಕ ಎಷ್ಟು ಇಳಿದಿದೆ ಎಂದು ನಾನು ಕೇಳಿಲ್ಲ. ತಲೆ ಎತ್ತಿ ನಡೆಯುತ್ತಿದ್ದಾರೆ.

ನಿಮ್ಮ ಸಂಘದಲ್ಲಿ ಯಾರು ಮೊದಲು ಬಾಯಿ ಬಿಡುತ್ತೀರಿ?